ಆಪಾ ಕೊಟ್ಟ ನಂಬರು

ಬಸವಕಲ್ಯಾಣದ ಎಕ್ಸ್‌ರೇ ಕೋಣೆಯ ಕೆಲಸವನ್ನು ನಾನು ಅರ್ಧ ದಿನದ ಕೆಲಸವೆಂದು ಒಪ್ಪಿಕೊಂಡಿದ್ದೆ. ಮಂಗಳವಾರ ಬೆಳಿಗ್ಗೆ ಹೋಗುವುದು, ಗೋಡೆಗೊಂದು ರೂಟರ್ ಬಿಗಿಯುವುದು, ಎರಡು ವೈರು ಚುಚ್ಚುವುದು, ಮಧ್ಯಾಹ್ನದ ಊಟಕ್ಕೆ ಮನ್ನಾಏಖೇಳ್ಳಿಯ ನಮ್ಮ ಮನೆಗೆ ವಾಪಸ್ಸಾಗುವುದು. ಹೊರಡುವಾಗ ಹೆಂಡತಿಗೆ ಪಲ್ಯ ಏನು ಮಾಡಬೇಕೆಂದೂ ಹೇಳಿದ್ದೆ. ಆ ಊಟ ನನಗೆ ಸಿಗಲಿಲ್ಲ, ಮುಂದಿನ ಮೂರು ದಿನದ ಊಟವೂ ಹೊತ್ತಿಗೆ ಸರಿಯಾಗಿ ಸಿಗಲಿಲ್ಲ.

ಒಂದು ಟ್ರಸ್ಟಿಗೆ ಸೇರಿದ ಎರಡು ಆಸ್ಪತ್ರೆಗಳು. ದೊಡ್ಡದು ಹುಮನಾಬಾದಿನಲ್ಲಿ, ಚಿಕ್ಕದು ಬಸವಕಲ್ಯಾಣದಲ್ಲಿ. ಎಕ್ಸ್‌ರೇ ನೋಡಿ ವರದಿ ಬರೆಯುವ ಡಾಕ್ಟರು ಒಬ್ಬರೇ, ಅವರು ಕೂರುವುದು ಹುಮನಾಬಾದಿನಲ್ಲಿ. ಬಸವಕಲ್ಯಾಣದಲ್ಲಿ ತೆಗೆದ ಚಿತ್ರಗಳನ್ನು ಅಲ್ಲಿಯವರೆಗೆ ಸಿಡಿಗೆ ಬರೆದು, ಕವರಿಗೆ ಹಾಕಿ, ಬಸ್ ಕಂಡಕ್ಟರ ಕೈಗೆ ಕೊಟ್ಟು ಕಳಿಸುತ್ತಿದ್ದರು. ಬಸ್ಸು ಸಸ್ತಾಪುರ ಬಂಗ್ಲಾ, ರಾಜೇಶ್ವರ ಎಂದು ನಿಲ್ಲುತ್ತ ಹೋಗಿ, ಅಲ್ಲಿ ಯಾರೋ ಬಂದು ಕವರು ಇಸಿದುಕೊಂಡು, ಡಾಕ್ಟರು ನೋಡಿ ಫೋನ್ ಮಾಡುವಷ್ಟರಲ್ಲಿ ಇಲ್ಲಿ ರೋಗಿ ಬೆಂಚಿನ ಮೇಲೆ ಕುಳಿತು ಕುಳಿತು ಸೋತಿರುತ್ತಿದ್ದ. ಈಗ ಸಿಡಿ ಬರೆಯುವ ಡ್ರೈವೂ ಕೈಕೊಡುವ ಹಂತಕ್ಕೆ ಬಂದಿತ್ತು. ಪೆನ್‌ಡ್ರೈವು ಒಮ್ಮೆ ವೈರಸ್ ಹೊತ್ತು ತಂದದ್ದರಿಂದ ಅದನ್ನು ಹುಮನಾಬಾದಿನ ಮ್ಯಾನೇಜರು ಖಡಾಖಂಡಿತವಾಗಿ ಬೇಡ ಎಂದಿದ್ದರು. ಟ್ರಸ್ಟಿನ ಮಿಕ್ಕ ಚಿಕ್ಕ ತಪಾಸಣಾ ಕೇಂದ್ರಗಳನ್ನೆಲ್ಲ ಹುಮನಾಬಾದಿನ ಸರ್ವರಿಗೆ, ಅಂದರೆ ಚಿತ್ರಗಳೆಲ್ಲ ಸೇರುವ ದೊಡ್ಡ ಕಂಪ್ಯೂಟರಿಗೆ, ಜೋಡಿಸಿದವನು ನಾನೇ. ಇದೊಂದು ಉಳಿದಿತ್ತು.

ಉಳಿಯಲು ಕಾರಣ ಅಲ್ಲಿನ ಕಂಪ್ಯೂಟರು. ವಿಂಡೋಸ್ ಎಕ್ಸ್‌ಪಿ ಕಾಲದ್ದು. ಎಕ್ಸ್‌ರೇ ಪ್ಲೇಟನ್ನು ಓದುವ ಯಂತ್ರ, ಅಂದರೆ ರೀಡರ್, ಅದರ ಜೊತೆ ಮಾತ್ರ ಮಾತಾಡುತ್ತದೆ, ಹೊಸ ಕಂಪ್ಯೂಟರ್ ತಂದಿಟ್ಟರೆ ತಿರುಗಿಯೂ ನೋಡುವುದಿಲ್ಲ. ಹೀಗಾಗಿ ಮ್ಯಾನೇಜರು ನನಗೆ ಮೊದಲೇ ಸ್ಪಷ್ಟವಾಗಿ ಹೇಳಿದ್ದರು.

“ನೋಡ್ರಿ, ಶುಕ್ರವಾರದೊಳಗ ಅಲ್ಲಿದೊಂದು ಫಿಲ್ಮ್ ಡಾಕ್ಟರ್ ಸಾಹೇಬ್ರ ಸ್ಕ್ರೀನ್ ಮ್ಯಾಲೆ ಬರಬೇಕು. ಬರಲಿಲ್ಲಂದ್ರ ಶನಿವಾರ ಆ ರೂಮ್ ಬಂದ್ ಮಾಡ್ತೀವಿ. ಎಲ್ಲಾ ಎಕ್ಸ್‌ರೇ ಇಲ್ಲೇ ಹುಮನಾಬಾದನ್ಯಾಗ.”

“ಆ ರೂಮ್ ನಡೆಸೋರು?” ಎಂದು ಕೇಳಿದೆ.

“ಆಪಾಗ ಟೋಕನ್ ಕೌಂಟರ್ ಕೊಡ್ತೀವಿ.”

ಆಪಾ ಎಂದರೆ ಅಕ್ಕ. ಇಪ್ಪತ್ತು ವರ್ಷದಿಂದ ಆ ಕೋಣೆಯ ಎಕ್ಸ್‌ರೇ ಟೆಕ್ನಿಷಿಯನ್. ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವರು ಆಪಾ. ಕಪ್ಪು ಬುರ್ಖಾದ ಮೇಲೆ ಬಿಳಿ ಕೋಟು, ಕುತ್ತಿಗೆಗೆ ದಾರದಲ್ಲಿ ಕಟ್ಟಿದ ಕನ್ನಡಕ, ಕೈಯಲ್ಲಿ ಸದಾ ಒಂದು ಒರೆಸುವ ಬಟ್ಟೆ. ಮಂಗಳವಾರ ನಾನು ಒಳಗೆ ಕಾಲಿಟ್ಟಾಗ ಬೆಂಚಿನ ಮೇಲೆ ಏಳೆಂಟು ಜನ ಕಾದಿದ್ದರು, ಒಬ್ಬ ಗಂಡಸನ್ನು ಬಿಟ್ಟರೆ ಉಳಿದವರೆಲ್ಲ ಹೆಂಗಸರು. ಸುತ್ತಲಿನ ಹಳ್ಳಿಯ ಹೆಂಗಸರು ಸೊಂಟ, ಎದೆ, ಬೆನ್ನು ಎಂದರೆ ಇಲ್ಲಿಗೇ ಬರುತ್ತಾರೆ. ಯಂತ್ರ ಹಿಡಿಯುವವಳು ಹೆಣ್ಣು ಎಂಬ ಒಂದೇ ಕಾರಣಕ್ಕೆ. ಹುಮನಾಬಾದಿನಲ್ಲಿ ಆ ಕೆಲಸ ಮಾಡುವ ಇಬ್ಬರೂ ಗಂಡಸರು. ಇದು ಮ್ಯಾನೇಜರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಲೆಕ್ಕಕ್ಕೆ ಹಿಡಿಯಲಿಲ್ಲವೋ ನಾನು ಹೇಳಲಾರೆ. ಆ ದಿನ ನಾನೂ ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

“ಇಂಜಿನಿಯರ್ ಸಾಬ್, ಎರಡ ಪೇಶಂಟ್ ನಡುವ ಎರಡ ಮಿನಿಟ್ ಕೊಡ್ತೀನಿ,” ಎಂದರು ಆಪಾ. “ಅಷ್ಟ್ರಾಗ ಏನ್ ಮಾಡ್ತೀರಿ ಮಾಡ್ಕೋರಿ. ಖರೆ, ರೀಡರ್ ಮುಟ್ಟಬ್ಯಾಡ್ರಿ.”

ನನಗೆ ಎರಡು ನಿಮಿಷ ಸಾಕೆನಿಸಿತು. ಸಾಕೆನಿಸಿದ್ದೇ ತಪ್ಪು. ರೂಟರ್ ಬಿಗಿದೆ. ಇಂಟರ್ನೆಟ್ಟಿನ ಒಳಗಿಂದಲೇ ಎರಡು ಆಸ್ಪತ್ರೆಗಳ ನಡುವೆ ಒಂದು ಖಾಸಗಿ ದಾರಿ ಮಾಡಿದೆ, ನಮ್ಮವರು ಅದಕ್ಕೆ ಟನಲ್ ಎನ್ನುತ್ತಾರೆ. ಆಪಾ ಗುಪ್ತಪದ ಹಾಕಿ ತೆರೆದುಕೊಟ್ಟ ಎಕ್ಸ್‌ರೇ ಪ್ರೋಗ್ರಾಮಿನಲ್ಲಿ ಚಿತ್ರ ಹೋಗಬೇಕಾದ ವಿಳಾಸವೆಂದು ಹುಮನಾಬಾದ್ ಸರ್ವರಿನ ಐಪಿ ನಂಬರು ಬರೆದೆ: 192.168.7.86. ಆಮೇಲೆ ಹಳೆಯ ಕಂಪ್ಯೂಟರಿನಿಂದ ಆ ನಂಬರಿಗೆ ಪಿಂಗ್ ಕೊಟ್ಟೆ. ಪಿಂಗ್ ಎಂದರೆ ಇದ್ದೀಯಾ ಎಂದು ಕೂಗುವುದು. ಆ ಕಡೆಯ ಯಂತ್ರ ಇದ್ದೇನೆ ಎಂದು ಉತ್ತರಿಸಬೇಕು. ಉತ್ತರ ಬಂತು, ನಾಲ್ಕಕ್ಕೆ ನಾಲ್ಕೂ ಬಂದವು, ಅದೂ ಒಂದು ಮಿಲಿಸೆಕೆಂಡಿಗಿಂತ ಬೇಗ.

ನಾನು ಎದೆಯುಬ್ಬಿಸಿ ಮ್ಯಾನೇಜರಿಗೆ ಫೋನ್ ಮಾಡಿದೆ. ಲೈನ್ ಆಗಿದೆ ಎಂದೆ. ಬಸ್ಸಿನಲ್ಲಿ ಸಿಡಿ ಕಳಿಸುವುದನ್ನು ನಿಲ್ಲಿಸಬಹುದೆಂದೂ ನಾನೇ ಬಾಯಿಬಿಟ್ಟು ಹೇಳಿದೆ. ಯಾರೂ ಕೇಳಿರಲಿಲ್ಲ.

ಬೈಕು ರಾಜೇಶ್ವರ ದಾಟಿರಲಿಲ್ಲ, ಆಪಾ ಫೋನ್ ಮಾಡಿದರು. ಚಿತ್ರ ಕಳಿಸಿದರೆ ಕೆಂಪು ಗುರುತು ಬರುತ್ತಿದೆಯಂತೆ. ಇನ್ನೊಮ್ಮೆ ಒತ್ತಿರಿ ಎಂದೆ. ಮೂರು ಸಲ ಒತ್ತಿದ್ದಾಗಿದೆ ಎಂದರು. ಗಾಡಿ ತಿರುಗಿಸಿದೆ. ಅಷ್ಟರಲ್ಲಿ ಮಧ್ಯಾಹ್ನದ ಬಸ್ಸು ಹೋಗಿಬಿಟ್ಟಿತ್ತು, ಸಿಡಿ ಇಲ್ಲದೆ. ಬೆಂಚಿನ ಮೇಲೆ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿಯೊಬ್ಬಳು ಕೂತಿದ್ದಳು. ಮಗುವಿನ ಮೊಣಕೈ ಬಾತಿತ್ತು. ಚಿತ್ರ ತೆಗೆದಾಗಿತ್ತು, ಹೇಳುವವರಿರಲಿಲ್ಲ. ಕೊನೆಗೆ ಆಕೆ ಮಗುವನ್ನು ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು, ಹುಮನಾಬಾದಿಗೆ. ಹೋಗುವಾಗ ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಗ ನನಗೆ ನಾಚಿಕೆಯಾಯಿತು, ಅದನ್ನು ಮುಚ್ಚಿಕೊಳ್ಳಲು ಸಿಟ್ಟೂ ಬಂತು.

ಆ ಸಿಟ್ಟಿನಲ್ಲಿ ಬುಧವಾರದ ಅರ್ಧ ದಿನ ಕಳೆದೆ. ಸಿಡಿ ಡ್ರೈವೂ ಅಷ್ಟರಲ್ಲಿ ಕೈಕೊಟ್ಟಿದ್ದರಿಂದ ಬಸ್ಸಿಗೆ ಕೊಡಲೂ ಏನೂ ಇರಲಿಲ್ಲ. ಪಿಂಗ್‌ಗೆ ಉತ್ತರ ಬರುತ್ತದೆ, ಚಿತ್ರ ಹೋಗುವುದಿಲ್ಲ. ಅಂದರೆ ದಾರಿ ಸರಿಯಿದೆ, ನಡುವೆ ಯಾರೋ ತಡೆಯುತ್ತಿದ್ದಾರೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಕೇಬಲ್ ಬದಲಿಸಿದೆ. ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್ ಬಂದ್ ಮಾಡಿದೆ. ಇಂಟರ್ನೆಟ್ ಕೊಡುವ ಕಂಪನಿಯವನ ಜೊತೆ ಫೋನಿನಲ್ಲಿ ಜಗಳವಾಡಿದೆ. ಅವನು ಪಾಪ, ಎಲ್ಲವೂ ಸರಿಯಿದೆ ಎಂದು ಸಮಾಧಾನದಿಂದಲೇ ಹೇಳುತ್ತಿದ್ದ. ಎರಡು ನಿಮಿಷ ಕೆಲಸ, ಹತ್ತು ನಿಮಿಷ ಬಾಗಿಲ ಹೊರಗೆ. ಒಳಗೆ ರೋಗಿ ಇರುವಾಗ ನಾನು ವರಾಂಡದಲ್ಲಿ ನಿಂತು ನೋಟಿಸ್ ಬೋರ್ಡ್ ಓದುತ್ತಿದ್ದೆ.

ಮಧ್ಯಾಹ್ನ ಬೆಂಚು ಖಾಲಿಯಾಯಿತು. ಆಪಾ ಕೈಕಾಲು ತೊಳೆದು ಬಂದರು.

“ನಾ ನಮಾಜ್ ಮಾಡಿ ಒಂದಿಷ್ಟು ಊಟ ಮಾಡ್ಕೊಂಡು ಬರ್ತೀನಿ. ಅರ್ಧಾ ತಾಸ್ ಮಷಿನ್ ನಿಮ್ದು,” ಎಂದು ಹಿಂದಿನ ಕೋಣೆಗೆ ಹೋದರು.

ಮೊದಲ ಸಲ ಆ ಕಂಪ್ಯೂಟರಿನ ಮುಂದೆ ಗಡಿಬಿಡಿಯಿಲ್ಲದೆ ಕುಳಿತೆ. ಮತ್ತೊಮ್ಮೆ ಪಿಂಗ್ ಕೊಟ್ಟೆ. ಉತ್ತರ, ಒಂದು ಮಿಲಿಸೆಕೆಂಡಿಗಿಂತ ಬೇಗ. ಈಗ ಆ ಸಾಲು ಕಣ್ಣಿಗೆ ಚುಚ್ಚಿತು. ಮಿಕ್ಕ ಕೇಂದ್ರಗಳಿಂದ ಹುಮನಾಬಾದಿಗೆ ಕೂಗಿದರೆ ಉತ್ತರ ಬರಲು ಮೂವತ್ತು, ನಲವತ್ತು ಮಿಲಿಸೆಕೆಂಡು ಬೇಕು. ಅದನ್ನು ಅಳೆದವನು ನಾನೇ. ಇಷ್ಟು ಬೇಗ ಉತ್ತರಿಸುವ ಸರ್ವರ್ ಹುಮನಾಬಾದಿನಲ್ಲಿ ಇರಲು ಸಾಧ್ಯವಿಲ್ಲ, ಇದೇ ಕೋಣೆಯಲ್ಲಿರಬೇಕು. ರೂಟರಿನ ವೈರನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ಮತ್ತೆ ಪಿಂಗ್ ಕೊಟ್ಟೆ. ವೈರೇ ಇಲ್ಲ, ಉತ್ತರ ಬರುತ್ತಲೇ ಇದೆ.

ಆಗ, ಮಂಗಳವಾರ ಕೂತ ಕೂಡಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ. ಕಂಪ್ಯೂಟರಿಗೆ ನಿನ್ನ ವಿಳಾಸವೇನು ಎಂದು ಕೇಳಿದೆ. ಅದಕ್ಕೆ ಟೈಪ್ ಮಾಡಬೇಕಾದದ್ದು ಒಂದೇ ಶಬ್ದ. ಪರದೆಯ ಮೇಲೆ ಬಂತು: 192.168.7.86.

ಒಂದೂವರೆ ದಿನ ಆ ಯಂತ್ರ ತನ್ನನ್ನು ತಾನೇ ಕೂಗಿಕೊಂಡು ತಾನೇ ಓ ಎನ್ನುತ್ತಿತ್ತು. ಚಿತ್ರವನ್ನೂ ತನಗೇ ಕಳಿಸಿಕೊಳ್ಳಲು ಹೋಗಿ, ತೆಗೆದುಕೊಳ್ಳುವ ಪ್ರೋಗ್ರಾಮ್ ಇಲ್ಲಿಲ್ಲವೆಂದು ಕೆಂಪು ಗುರುತು ತೋರಿಸುತ್ತಿತ್ತು. ನಾನು ಅದನ್ನು ನಂಬಿ ಇಂಟರ್ನೆಟ್ ಕಂಪನಿಯವನಿಗೆ ಬಾಯಿಗೆ ಬಂದಂತೆ ಅಂದಿದ್ದೆ. ಒಬ್ಬನೇ ಕೂತು ನಕ್ಕೆ, ನಗುತ್ತಲೇ ತಲೆ ಚಚ್ಚಿಕೊಂಡೆ.

ಆದರೆ ಇಂಥ ನಂಬರು ಎರಡು ಊರಿನ ಎರಡು ಯಂತ್ರಕ್ಕೆ ಬರುವುದು ಹೇಗೆ? ಸಾಮಾನ್ಯವಾಗಿ ಜನ ಒಂದು, ಹತ್ತು, ನೂರು ಎಂದು ಕೊಡುತ್ತಾರೆ. ಏಳು ಚುಕ್ಕೆ ಎಂಬತ್ತಾರು ಯಾರಿಗೂ ಸುಮ್ಮನೆ ಹೊಳೆಯುವುದಿಲ್ಲ. ಆಪಾ ಬಂದ ಮೇಲೆ ಪರದೆ ತೋರಿಸಿ ಕೇಳಿದೆ.

ಅವರ ಮುಖ ಅರಳಿತು. “ಅದಾ? ಅದು ನಾನ ಹೇಳಿದ್ ನಂಬರ್! ಈ ಮಷಿನ್ ಹಚ್ಚಲಿಕ್ಕ ಬಂದವ, ಆಪಾ, ಇದಕ್ಕೊಂದು ನಂಬರ್ ಕೊಡಬೇಕು, ಯಾವ್ದ ಕೊಡ್ಲಿ ಅಂದ. ಹೊಸಾ ಕೆಲಸ, ಸಾತ್ ಸೌ ಛಿಯಾಸಿ ಹಾಕ್ ಬಾಬಾ ಅಂದೆ. ಅಷ್ಟ ದೊಡ್ಡ ನಂಬರ್ ಕೂಡೂದಿಲ್ಲ ಅಂದ. ಆಮ್ಯಾಲ ಅವನ ಏನೋ ಒಡದು ಕೂಡಿಸ್ದ.”

ಏಳುನೂರ ಎಂಬತ್ತಾರು. ನಮ್ಮ ಭಾಗದಲ್ಲಿ ಬಿಸ್ಮಿಲ್ಲಾ ಎನ್ನುವ ಬದಲು ಬರೆಯುವ ಅಂಕೆ. ಅಂಗಡಿಯ ಬೋರ್ಡಿನ ಮೇಲೆ, ಟೆಂಪೋದ ಗಾಜಿನ ಮೇಲೆ, ಮದುವೆ ಕಾರ್ಡಿನ ನೆತ್ತಿಯ ಮೇಲೆ ಇರುತ್ತದೆ. ಐಪಿ ವಿಳಾಸದ ಒಂದು ಮನೆಯಲ್ಲಿ ಇನ್ನೂರ ಐವತ್ತೈದರ ಮೇಲೆ ಅಂಕೆ ಹಿಡಿಯುವುದಿಲ್ಲ. ಅದಕ್ಕೆ ಆತ ಏಳನ್ನು ಒಂದು ಮನೆಯಲ್ಲಿ, ಎಂಬತ್ತಾರನ್ನು ಇನ್ನೊಂದು ಮನೆಯಲ್ಲಿ ಕೂರಿಸಿದ್ದ.

ಆತ ಈಗ ಹುಮನಾಬಾದಿನಲ್ಲಿ ಇನ್ವರ್ಟರ್ ಬ್ಯಾಟರಿ ಅಂಗಡಿ ಇಟ್ಟಿದ್ದಾನೆ ಎಂದು ಆಪಾ ಹೇಳಿದರು. ಸಂಜೆ ಹೋಗಿ ಹಿಡಿದೆ. ಅವನೇ ಹುಮನಾಬಾದಿನ ಸರ್ವರನ್ನೂ ಕೂರಿಸಿದವನು ಎಂಬುದು ಅವನ ಬಾಯಿಂದಲೇ ಬಂತು.

“ಆಪಾ ಹೇಳಿದ ನಂಬರ್ ಇಟ್ಟ ಮಷಿನ್ ಒಂದಿನಾ ಕೈಕೊಡ್ಲಿಲ್ರಿ,” ಎಂದ, ಬ್ಯಾಟರಿಗೆ ನೀರು ಹಾಕುತ್ತ. “ಅದಕ್ಕ ಎಲ್ಲಿ ಹೋದ್ರೂ ಮೊದಲನೇ ಮಷಿನ್‌ಗೆ ಅದ ಕೊಟ್ಟೀನಿ. ಅವಾಗ ಎರಡೂ ಊರಿಗಿ ಲೈನ್ ಕೂಡಸ್ತಾರಂತ ಯಾರಿಗಿ ಗೊತ್ತಿತ್ರಿ?”

ಅವನು ಹೇಳಿದ್ದು ನಿಜ. ಎರಡು ನೆಟ್‌ವರ್ಕ್‌ಗಳು ಬೇರೆ ಬೇರೆ ಇರುವವರೆಗೆ ಅದರಲ್ಲಿ ತಪ್ಪೇನೂ ಇರಲಿಲ್ಲ.

ಗುರುವಾರ ಬೆಳಿಗ್ಗೆ ಮ್ಯಾನೇಜರಿಗೆ ವಿಷಯ ಹೇಳಿದೆ. ಅವರು ಅರ್ಧ ಕೇಳಿ ತೀರ್ಪು ಕೊಟ್ಟರು. “ಅದರಾಗೇನದ? ಅಲ್ಲಿ ನಂಬರ್ ಬದಲ್ ಮಾಡ್ರಿ. ನಮ್ಮ ಸರ್ವರ್‌ಗೆ ಎಷ್ಟ ಕಡಿಂದ ಲೈನ್ ಬರ್ತಾವ, ಅದಕ್ಕ ಕೈ ಹಚ್ಚಬ್ಯಾಡ್ರಿ.”

ಬಸವಕಲ್ಯಾಣಕ್ಕೆ ಹೋಗುವ ದಾರಿಯುದ್ದಕ್ಕೂ ನಾನು ಒಂದು ಭಾಷಣ ತಯಾರು ಮಾಡಿದೆ. ಆಪಾ ಒಪ್ಪುವುದಿಲ್ಲ, ದೇವರ ಹೆಸರಿನ ನಂಬರು ತೆಗೆಯಬೇಡಿ ಎನ್ನುತ್ತಾರೆ, ಅವರ ಮನಸ್ಸು ನೋಯದಂತೆ ಹೇಗೆ ಹೇಳಲಿ ಎಂದು ಬೈಕಿನ ಮೇಲೆ ಒಬ್ಬನೇ ಮಾತಾಡಿಕೊಂಡೆ. ಕೋಣೆಗೆ ಹೋಗಿ ನೀರು ಕುಡಿದು ಶುರು ಮಾಡಿದೆ. ಎರಡನೇ ವಾಕ್ಯಕ್ಕೇ ಅವರು ನಕ್ಕುಬಿಟ್ಟರು.

“ಏ ತಮ್ಮಾ, ನಂಬರ್ ಬದಲಾದ್ರ ನನ್ನ ಈಮಾನ್ ಹೋಗ್ತದೇನು? ಶುರು ಮಾಡೂ ಮುಂದ ಹೆಸರು ತೊಗೊಂಡೀನಿ, ಅಷ್ಟ. ನೀ ಸಾವಿರ ಸರ್ತಿ ಬದಲ್ ಮಾಡು. ನಾ ಬ್ಯಾರೆ ಕಾರಣಕ್ಕ ಬ್ಯಾಡ ಅಂತೀನಿ.”

ಬುರ್ಖಾ ನೋಡಿ ನಾನು ಅವರ ಉತ್ತರವನ್ನು ನಾನೇ ಬರೆದುಕೊಂಡಿದ್ದೆ. ಕಂಪ್ಯೂಟರನ್ನೂ ಕೇಳದೆ ಹೀಗೆಯೇ ನಂಬಿದ್ದೆನಲ್ಲ ಎಂದು ಮುಖ ಸಣ್ಣಗಾಯಿತು.

ಅವರ ಕಾರಣ ಬೇರೆಯೇ ಇತ್ತು. ರೀಡರಿನ ಹೊಟ್ಟೆಯಲ್ಲಿಯೂ ಇದೇ ನಂಬರು ಬರೆದಿದೆ. ಓದಿದ ಚಿತ್ರವನ್ನು ಅದು 7.86ಕ್ಕೇ ಕೊಡುತ್ತದೆ. ಕೆಲವು ವರ್ಷದ ಹಿಂದೆ ಯಾರೋ ಒಬ್ಬ ಕಂಪ್ಯೂಟರಿನ ನಂಬರು ಬದಲಿಸಿ ರೀಡರ್ ಮೂಕವಾಗಿತ್ತು. ನಂಬರು ಹಿಂದಿರುಗಿಸಿದರೂ ಅದು ಮಾತಾಡಲಿಲ್ಲ. ರೀಡರ್ ಕಂಪನಿಯವನು ಹೈದರಾಬಾದಿನಿಂದ ಬಂದು ಅದರದೇ ಗುಪ್ತಪದ ಹಾಕಿ ಎಬ್ಬಿಸುವವರೆಗೆ ಕೋಣೆಗೆ ಬೀಗ. ಈಗ ಆ ಕಂಪನಿಯೇ ಇಲ್ಲ, ಗುಪ್ತಪದ ಯಾರಿಗೂ ಗೊತ್ತಿಲ್ಲ.

“ಅದಕ್ಕ ಮೊದಲ ದಿನಾನೇ ರೀಡರ್ ಮುಟ್ಟಬ್ಯಾಡ್ರಿ ಅಂದಿದ್ದು,” ಎಂದರು. ಕಾರಣವನ್ನು ನಾನು ಕೇಳಿರಲಿಲ್ಲ.

ನಂಬರು ಬದಲಿಸಲು ಆಗದು ಎಂದು ಮ್ಯಾನೇಜರಿಗೆ ಹೇಳಿದರೆ ಕೋಣೆ ಮುಚ್ಚಲು ಅವರಿಗೆ ನೆಪ ಸಿಕ್ಕಂತಾಗುತ್ತದೆ. ಬದಲಿಸಲು ಹೋಗಿ ರೀಡರ್ ಕೆಟ್ಟರೆ ಕೋಣೆ ತಾನಾಗಿಯೇ ಮುಚ್ಚುತ್ತದೆ. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತೆ. ಚಹಾದವನು ಎರಡು ಸಲ ಕೇಳಿದ, ಬೇಡವೆಂದೆ. ಎರಡು ಯಂತ್ರಗಳೂ ಹಟಮಾರಿಗಳು, ಎರಡನ್ನೂ ಇದ್ದಂತೆಯೇ ಬಿಡಬೇಕು. ಹಾಗಾದರೆ ಬದಲಾಗಬೇಕಾದದ್ದು ನಡುವಿನ ದಾರಿ, ಅಂದರೆ ನಾನು ಕೂರಿಸಿದ ಭಾಗ. ಅಲ್ಲಿ ನಿಂತೇ ತೀರ್ಮಾನಿಸಿದೆ: ಎರಡೂ ಯಂತ್ರ ಊರೊಳಗೆ ತಮ್ಮ ನಂಬರಿನಲ್ಲೇ ಇರಲಿ, ಹೊರಗೆ ಹೋಗುವಾಗ ಬೇರೆ ನಂಬರು ಹಾಕಿಕೊಳ್ಳಲಿ.

ನಮ್ಮಲ್ಲಿ ಮನೆಯೊಳಗೊಂದು ಹೆಸರು, ಶಾಲೆಯ ದಾಖಲೆಯಲ್ಲೊಂದು ಹೆಸರು ಇರುವುದಿಲ್ಲವೇ, ಹಾಗೆ. ಹಳೆಯ ಕಂಪ್ಯೂಟರಿಗೆ ಹೊರಗಿನ ಹೆಸರು 10.30.0.86. ಹುಮನಾಬಾದ್ ಸರ್ವರಿಗೆ ಹೊರಗಿನ ಹೆಸರು 10.20.0.86. ಹೆಸರು ಬದಲಿಸುವ ಕೆಲಸ ಎರಡೂ ಕಡೆ ನಾನು ಕೂರಿಸಿದ ಚಿಕ್ಕ ರೂಟರುಗಳದು. ಹಳೆಯ ಕಂಪ್ಯೂಟರಿನಲ್ಲಿ ನಾನು ಮುಟ್ಟಿದ್ದು ಎರಡೇ: ಚಿತ್ರ ಹೋಗಬೇಕಾದ ವಿಳಾಸವನ್ನು 10.20.0.86 ಮಾಡಿದೆ, ಮತ್ತು ಇಷ್ಟು ವರ್ಷ ಖಾಲಿಯಿದ್ದ ಗೇಟ್‌ವೇ ಎಂಬ ಮನೆಯನ್ನು ತುಂಬಿದೆ. ನಿನ್ನ ಓಣಿಯದಲ್ಲದ ನಂಬರು ಕಂಡರೆ ಈ ರೂಟರಿನ ಕೈಗೆ ಕೊಡು ಎಂದು ಹೇಳುವುದು ಆ ಮನೆ. ಸೇವ್ ಒತ್ತುವ ಮುನ್ನ ಆಪಾ ಕಡೆ ನೋಡಿದೆ. ಅವರು ಮೆಲ್ಲಗೆ ಬಿಸ್ಮಿಲ್ಲಾ ಎಂದರು. ಒತ್ತಿದೆ. ಆಪಾ ತಮ್ಮ ಬೀಗದ ಕೈ ಗೊಂಚಲನ್ನು ಪ್ಲೇಟಿನ ಮೇಲಿಟ್ಟು ಒಂದು ಚಿತ್ರ ತೆಗೆದು ರೀಡರಿಗೆ ಕೊಟ್ಟರು. ಪರದೆಯ ಮೇಲೆ ಬೀಗದ ಕೈಗಳು ಮೂಡಿದವು. ರೀಡರ್ ಬದುಕಿತ್ತು.

ಚಿತ್ರ ಮಾತ್ರ ಹೋಗಲಿಲ್ಲ. ಈ ಸಲ ಕೆಂಪು ಗುರುತು ತಕ್ಷಣ ಬರಲಿಲ್ಲ, ಅರ್ಧ ನಿಮಿಷ ಕಾಯಿಸಿ ಬಂತು. ಈಗ ನನಗೆ ಸಿಟ್ಟು ಬರಲಿಲ್ಲ. ಕಾಯಿಸಿತು ಎಂದರೆ ಎಲ್ಲಿಯೋ ಹೋಗಿತ್ತು ಎಂದಾಯಿತು. ಹುಮನಾಬಾದಿಗೆ ಹೋಗಿ ಅಲ್ಲಿನ ನನ್ನ ರೂಟರಿನ ಲೆಕ್ಕ ನೋಡುತ್ತ, ಆಪಾಗೆ ಫೋನಿನಲ್ಲಿ ಕಳಿಸಿರಿ ಎಂದು ಹೇಳಿದೆ. ಒಳಗೆ ಬರುವ ಪ್ಯಾಕೆಟ್ಟುಗಳ, ಅಂದರೆ ಮಾಹಿತಿಯ ತುಣುಕುಗಳ, ಸಂಖ್ಯೆ ಏರಿತು. ವಾಪಸ್ ಹೋಗುವ ಸಂಖ್ಯೆ ಸೊನ್ನೆ. ಸರ್ವರ್‌ಗೆ ಕೂಗು ಕೇಳಿಸುತ್ತಿತ್ತು, ಅದು ಉತ್ತರವನ್ನೂ ಕೊಡುತ್ತಿತ್ತು. ಆದರೆ ತನ್ನ ಅಭ್ಯಾಸದಂತೆ ಆಸ್ಪತ್ರೆಗೆ ಇಂಟರ್ನೆಟ್ ಕೊಡುವ ದೊಡ್ಡ ರೂಟರಿನ ಕೈಗೆ ಕೊಡುತ್ತಿತ್ತು. ಆ ದೊಡ್ಡ ರೂಟರಿಗೆ 10.30 ಎಂಬ ಊರು ಎಲ್ಲಿದೆಯೆಂದು ಗೊತ್ತಿಲ್ಲ, ಎಸೆದುಬಿಡುತ್ತಿತ್ತು. ಹೋಗುವ ದಾರಿ ಹಾಕಿ ಬರುವ ದಾರಿ ಮರೆತಿದ್ದೆ.

ದೊಡ್ಡ ರೂಟರಿನ ಗುಪ್ತಪದ ಮ್ಯಾನೇಜರ ಬಳಿ, ಅವರು ಬೀದರಿಗೆ ಹೋಗಿದ್ದರು. ಶುಕ್ರವಾರ ಬೆಳಿಗ್ಗೆ ಅವರು ಬಂದ ಮೇಲೆ ಒಂದೇ ಒಂದು ಸಾಲು ಬರೆದೆ: 10.30ಕ್ಕೆ ಹೋಗುವುದೇನಿದ್ದರೂ ನನ್ನ ಈ ಚಿಕ್ಕ ರೂಟರಿಗೆ ಕೊಡು. ಬರೆದದ್ದು ಕರೆಂಟು ಹೋದರೂ ಉಳಿಯುವಂತೆ ಸೇವ್ ಮಾಡಿ, ಆರಿಸಿ ಹಚ್ಚಿ ಖಾತ್ರಿ ಮಾಡಿಕೊಂಡೆ. ಸರ್ವರಿನಿಂದ ಹಳೆಯ ಕಂಪ್ಯೂಟರಿಗೆ ಪಿಂಗ್ ಕೊಟ್ಟೆ. ಮೂವತ್ತೆಂಟು ಮಿಲಿಸೆಕೆಂಡು. ನಿಧಾನದ ಉತ್ತರ ನೋಡಿ ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಆದರೆ ಯಾರಿಗೂ ಫೋನ್ ಮಾಡಿ ಆಯಿತು ಎನ್ನಲಿಲ್ಲ. ಬಾಯಿ ಮುಚ್ಚಿಕೊಂಡು ಬೈಕು ಹತ್ತಿ ಬಸವಕಲ್ಯಾಣಕ್ಕೆ ಹೋದೆ.

ಆಸ್ಪತ್ರೆಯ ಗೇಟಿನಲ್ಲಿ ಒಂದು ಟೆಂಪೋ ನಿಂತಿತ್ತು, ಎಂಜಿನ್ ಚಾಲೂ ಇತ್ತು. ಕೊಹಿನೂರದ ಕಡೆಯಿಂದ ಬಂದದ್ದು. ಎಮ್ಮೆ ಎಳೆದದ್ದಕ್ಕೆ ಬಿದ್ದು ಸೊಂಟಕ್ಕೆ ಪೆಟ್ಟಾದ ಮುದುಕಿಯೊಬ್ಬಳನ್ನು ಕೌದಿಯ ಮೇಲೆ ಮಲಗಿಸಿ ತಂದಿದ್ದರು. ಚಿತ್ರ ತೆಗೆದು ಮತ್ತೆ ಟೆಂಪೋದಲ್ಲಿ ಮಲಗಿಸಿದ್ದರು. ಮೂರು ದಿನದಿಂದ ಇಲ್ಲಿ ವರದಿ ಬರುತ್ತಿಲ್ಲವೆಂದು ಯಾರೋ ಹೇಳಿ, ಮಗ ಹುಮನಾಬಾದಿಗೇ ಒಯ್ಯಲು ಹೊರಟಿದ್ದ. ಮುದುಕಿ ಒಪ್ಪುತ್ತಿರಲಿಲ್ಲ.

“ನಾ ಒಲ್ಲೆ. ಅಲ್ಲಿ ಗಂಡಸ್ರು ಮುಟ್ತಾರ. ಆಪಾ ಇದ್ರ ಇಲ್ಲೇ, ಇಲ್ಲಂದ್ರ ಮನಿಗಿ ಒಯ್ಯಿ,” ಎನ್ನುತ್ತಿದ್ದಳು. ರಸ್ತೆಯ ಹೊಂಡಕ್ಕೊಮ್ಮೆ ಬಂದಿರಬಹುದಾದ ನೋವು ಅವಳ ಮುಖದಲ್ಲಿ ಕಾಣುತ್ತಿತ್ತು.

“ಹತ್ತ ಮಿನಿಟ್ ನಿಲ್ರಿ,” ಎಂದು ಮಗನಿಗೆ ಕೈಮುಗಿದು ಒಳಗೆ ಓಡಿದೆ. ಆಪಾಗೆ ಕಳಿಸಿರಿ ಎಂದೆ.

ಅವರು ಒತ್ತಿದರು. ಪರದೆಯ ಅಡಿಯಲ್ಲಿ ಒಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ತುಂಬತೊಡಗಿತು. ಅರ್ಧಕ್ಕೆ ಬಂದು ನಿಂತಿತು. ಆಪಾ ಕೈಯಲ್ಲಿದ್ದ ಬಟ್ಟೆಯಿಂದ ಆಗಲೇ ಒರೆಸಿದ್ದ ಮೇಜನ್ನು ಮತ್ತೆ ಒರೆಸಿದರು. ಪಟ್ಟಿ ಮತ್ತೆ ಹೊರಟಿತು, ತುಂಬಿತು. ಕೆಂಪು ಬರಲಿಲ್ಲ. ನಮ್ಮಿಬ್ಬರಿಗೂ ಚಿತ್ರ ಹೋಗಿದೆ ಎನ್ನಲು ಇನ್ನೂ ಧೈರ್ಯವಿರಲಿಲ್ಲ.

ಫೋನ್ ಬಂತು. ಹುಮನಾಬಾದಿನ ಡಾಕ್ಟರು. ಆಪಾ ಕನ್ನಡಕ ಏರಿಸಿಕೊಂಡು ಕಾಗದ ಎಳೆದುಕೊಂಡರು. “ಹೌದ್ರಿ... ಎಡಗಡಿ ಸೊಂಟ್ರಿ... ಕಾಣಾಕತ್ತದಾ ಸರ್? ಸಾಫ್ ಕಾಣಾಕತ್ತದಾ?” ಆಮೇಲೆ ಬಹಳ ಹೊತ್ತು ಬರೀ ಕೇಳಿದರು. ಬರೆದರು. ಅದೇ ಫೋನಿನಲ್ಲಿ ಮ್ಯಾನೇಜರ ದನಿಯೂ ಬಂತು, ಅವರು ಡಾಕ್ಟರ ಪಕ್ಕದಲ್ಲೇ ನಿಂತಿದ್ದರಂತೆ. ಕೋಣೆ ಇರಲಿ, ಶನಿವಾರ ಎಂದಿನಂತೆ ತೆರೆಯಿರಿ ಎಂದರು. ಆಪಾ “ಛಲೋ ಆಯ್ತ್ರಿ” ಎಂದು ಫೋನಿಟ್ಟರು. ಕಣ್ಣು ಒರೆಸಿಕೊಂಡರು, ಅದೇ ಮೇಜಿನ ಬಟ್ಟೆಯಿಂದ.

ಅವರು ಕಾಗದ ಹಿಡಿದು ಗೇಟಿಗೆ ಹೋದರು. ನಾನು ಹಿಂದೆ ಹೋದೆ.

“ಎಲುಬು ಮುರಿದಿಲ್ಲ,” ಎಂದು ಮಗನಿಗೆ ಹೇಳಿದರು. “ಬರೇ ಒಳಪೆಟ್ಟು. ಗುಳಿಗಿ ಬರದಾರ, ಮಲಗಿಸಿ ಇಡ್ರಿ. ಹುಮನಾಬಾದ್ ಬ್ಯಾಡ. ಗಾಡಿ ಮನಿ ಕಡಿ ಹೊಳ್ಳಸ್ರಿ.”

ಮುದುಕಿ ಕೌದಿಯ ಮೇಲಿಂದ ಕತ್ತು ಎತ್ತಿದಳು. “ಡಾಕ್ಟರ್ ಅಲ್ಲೇ ಕುಂತು ಹೇಳ್ದನಾ? ನನ್ ಫೋಟು ಅಷ್ಟ ದೂರ ಹೋಗಿ ಬಂತಾ?”

ಆಪಾ ಅವಳ ಕಾಲ ಮೇಲೆ ಸರಿದಿದ್ದ ಸೀರೆಯನ್ನು ಎಳೆದು ಮುಚ್ಚಿದರು.

“ಅದು ಹೋಗಿ ಬಂತು ಆಯಿ,” ಎಂದರು. “ನೀ ಹೋಗೂದು ತಪ್ಪಿತು.”